ಫಲಕ ತೆಗೆದವರು ಯಾರು?

‘ಹಿಡನ್ ಫಿಗರ್ಸ್’ (2016) ಸಿನಿಮಾ ನೋಡಿದವರಿಗೆಲ್ಲ ಒಂದು ದೃಶ್ಯ ನೆನಪಿರುತ್ತದೆ. ನಾಸಾದ ಬಿಳಿಯ ಮುಖ್ಯಸ್ಥ ಆಲ್ ಹ್ಯಾರಿಸನ್, ಕಪ್ಪು ಮಹಿಳೆಯರಿಗೆಂದು ಬೇರೆ ಮಾಡಿದ್ದ ಶೌಚಾಲಯದ ಫಲಕವನ್ನು ಎಲ್ಲರೆದುರೇ ಒಡೆದು ಕೆಡವುತ್ತಾನೆ. ಮ್ಯಾನೇಜರುಗಳಿಗೆ ಈ ದೃಶ್ಯ ಬಲು ಇಷ್ಟ. ನಾನೂ ಮ್ಯಾನೇಜರೇ, ಅದಕ್ಕೇ ಅನುಮಾನ ಬಂದು ಮಾರ್ಗೊ ಲೀ ಶೆಟರ್ಲಿಯವರ ಮೂಲ ಪುಸ್ತಕ ತೆರೆದೆ.

ಹ್ಯಾರಿಸನ್ ಎಂಬ ಮನುಷ್ಯ ಇರಲೇ ಇಲ್ಲ. ಫಲಕ ಒಡೆದ ಘಟನೆಯೂ ನಡೆದಿಲ್ಲ. ಕ್ಯಾಥರಿನ್ ಜಾನ್ಸನ್ ಫಲಕವಿಲ್ಲದ ಶೌಚಾಲಯಕ್ಕೆ ಸುಮ್ಮನೆ ಹೋಗುತ್ತಿದ್ದರು. ಆಕ್ಷೇಪ ಬಂದಾಗಲೂ ಬದಲಾಯಿಸಲಿಲ್ಲ. ಆಕೆ ಹಾಗೆ ತಾವೇ ಪಡೆದದ್ದನ್ನು ಸಿನಿಮಾ ಸಾಹೇಬರ ಕೈಯಿಂದ ಕೊಡಿಸುತ್ತದೆ.

ಇನ್ನೂ ದೊಡ್ಡ ಲೋಪ ಮಿರಿಯಂ ಮ್ಯಾನ್ ಅವರದು. 1941ರಲ್ಲಿ ಕಾರ್ಮಿಕ ನಾಯಕ ಎ. ಫಿಲಿಪ್ ರ‍್ಯಾಂಡಾಲ್ಫ್ ವಾಷಿಂಗ್ಟನ್‌ಗೆ ಮೆರವಣಿಗೆ ತರುತ್ತೇನೆಂದು ಪಟ್ಟು ಹಿಡಿದ ಮೇಲೆ, ಅಧ್ಯಕ್ಷ ರೂಸ್‌ವೆಲ್ಟ್ ರಕ್ಷಣಾ ಉದ್ಯಮ ಮತ್ತು ಸರ್ಕಾರಿ ನೇಮಕಾತಿಯಲ್ಲಿ ಜನಾಂಗ ಭೇದ ಕೂಡದೆಂದು ಆದೇಶ ಹೊರಡಿಸಿದರು. 1943ರಲ್ಲಿ ವರ್ಜೀನಿಯಾದ ಲ್ಯಾಂಗ್ಲಿ ಪ್ರಯೋಗಾಲಯಕ್ಕೆ ಕಪ್ಪು ಮಹಿಳೆಯರು ಗಣಿತದ ಲೆಕ್ಕ ಮಾಡಲು ಬಂದರು. ಕೆಲಸ ಸಿಕ್ಕಿತು, ಆದರೆ ಕೂರುವ ಕೋಣೆ ಬೇರೆ. ಕ್ಯಾಂಟೀನಿನ ಮೂಲೆಯ ಮೇಜಿನ ಮೇಲೆ ಇದು ಕಪ್ಪು ಗಣಕಿಯರಿಗೆ ಎಂಬ ಪುಟ್ಟ ಫಲಕ ಬೇರೆ. ಮಿರಿಯಂ ಅದನ್ನೆತ್ತಿ ಕೈಚೀಲಕ್ಕೆ ಹಾಕಿಕೊಂಡರು. ಮತ್ತೆ ಹೊಸ ಫಲಕ ಬಂತು, ಮತ್ತೆ ಚೀಲಕ್ಕೆ. ಕೆಲಸ ಹೋದೀತೆಂದು ಗಂಡ ಎಚ್ಚರಿಸಿದರೂ ಕೇಳಲಿಲ್ಲ. ಕೊನೆಗೊಂದು ದಿನ ಫಲಕ ಇಡುವವರೇ ಸೋತರು.

ಭಾಷಣವಿಲ್ಲ, ಹಿನ್ನೆಲೆ ಸಂಗೀತವಿಲ್ಲ. ಸಿನಿಮಾಕ್ಕೆ ಒಗ್ಗದ್ದು ಬಹುಶಃ ಇದೇ. ದಿನಾ ಅದೇ ಮೇಜು, ಅದೇ ಫಲಕ, ಅದೇ ಭಯ: ಕಚೇರಿಯ ಪ್ರತಿರೋಧವೆಂದರೆ ಹೀಗೆ ಬೇಸರ ತರಿಸುವಷ್ಟು ಪುನರಾವರ್ತನೆ. ಒಂದೇ ಏಟಿಗೆ ಮುಗಿಯುವಂಥದ್ದಲ್ಲ.

ಇಸವಿಗಳಲ್ಲೂ ಸಿನಿಮಾ ಕೈಚಳಕ ತೋರಿದೆ. 1961ರ ಕಥೆಯಲ್ಲಿ ಡೊರೊಥಿ ವಾನ್ ಮೇಲ್ವಿಚಾರಕಿಯ ಹುದ್ದೆಗಾಗಿ ಅಲೆಯುತ್ತಾರೆ. ನಿಜದಲ್ಲಿ ಅದು ಸಿಕ್ಕಿದ್ದು 1949ರಲ್ಲಿ. 1958ರಲ್ಲಿ ನಾಸಾ ಹುಟ್ಟಿದಾಗ ಅವರ ಪ್ರತ್ಯೇಕ ವಿಭಾಗವನ್ನು ಮುಚ್ಚಿದರು. ಪ್ರತ್ಯೇಕತೆಯ ಜೊತೆಗೆ ಅವರ ಮುಖ್ಯಸ್ಥೆಯ ಕುರ್ಚಿಯೂ ಹೋಯಿತು. ಈ ವಿಪರ್ಯಾಸ ಯಾವ ಫಲಕ ಒಡೆಯುವ ದೃಶ್ಯಕ್ಕಿಂತ ಗಟ್ಟಿಯಾದ ನಾಟಕ. ಸಿನಿಮಾ ಅದನ್ನು ಮುಟ್ಟಲೇ ಇಲ್ಲ.

ಪುಸ್ತಕದಲ್ಲೂ ಕೊರತೆಯಿದೆ. ಹೆಸರುಗಳ ಸಂತೆಯಲ್ಲಿ ಓದುಗ ದಾರಿ ತಪ್ಪುತ್ತಾನೆ. ಆದರೂ ಕೊನೆಯ ಪುಟಗಳವರೆಗೆ ಓದಿ. ಸಿನಿಮಾದಲ್ಲಿಲ್ಲದ ಕ್ರಿಸ್ಟೀನ್ ಡಾರ್ಡೆನ್ ಅಲ್ಲಿದ್ದಾರೆ. 1967ರಲ್ಲಿ ನಾಸಾ ಸೇರಿದ ಆಕೆ ಕೆಲವು ವರ್ಷ ಕಾದು, ಹಿರಿಯ ಅಧಿಕಾರಿಯ ಬಳಿ ಹೋಗಿ ನೇರವಾಗಿ ಕೇಳಿದರು: ನಮ್ಮಷ್ಟೇ ಓದಿದ ಗಂಡಸರು ಎಂಜಿನಿಯರುಗಳಾಗುತ್ತಾರೆ, ನಾವೇಕೆ ಲೆಕ್ಕ ಮಾಡುತ್ತಾ ಕೂರಬೇಕು? ಇದುವರೆಗೆ ಯಾರೂ ದೂರಿಲ್ಲ ಎಂಬ ಉತ್ತರ ಬಂತು. ಆಕೆ ದೂರಿದರು, ಎಂಜಿನಿಯರಿಂಗ್ ವಿಭಾಗಕ್ಕೆ ವರ್ಗವಾಯಿತು.