ಅಳೆದದ್ದು ಏನನ್ನು, ಆರಿಸಿದ್ದು ಯಾರನ್ನು?

‘ಲೈನ್‌ಮನ್’ ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವುದು ವಿದ್ಯುತ್ ಕಂಬ ಹತ್ತುವ ವ್ಯಕ್ತಿ, ಅಲ್ಲವೇ? ಅಮೆರಿಕದಲ್ಲಿ ಈ ಪದಕ್ಕೆ ಇನ್ನೊಂದು ಅರ್ಥವೂ ಇದೆ. ಅಲ್ಲಿನವರು ಫುಟ್‌ಬಾಲ್ ಎಂದು ಕರೆಯುವ ಆಟ ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಎದುರಾಳಿಗಳನ್ನು ತಳ್ಳುತ್ತ ಮುನ್ನುಗ್ಗುವ ಆಟ ಅದು. ಚೆಂಡು ಹೊಂದಿರುವ ತಂಡದ 11 ಮಂದಿಯಲ್ಲಿ ಐವರು ಮುಂದೆ ಸಾಲಾಗಿ ನಿಲ್ಲುತ್ತಾರೆ. ಇವರೇ ಆಫೆನ್ಸಿವ್ ಲೈನ್‌ಮನ್‌ಗಳು. ನಡುವಿನವನು ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಆರಂಭಿಸುತ್ತಾನೆ. ಅದನ್ನು ಬಿಟ್ಟರೆ ಈ ಐವರು ಚೆಂಡು ಮುಟ್ಟುವುದೇ ಅಪರೂಪ. ಚೆಂಡನ್ನು ಎಸೆಯಲಿರುವ ಕ್ವಾರ್ಟರ್‌ಬ್ಯಾಕ್‌ನ ಮೇಲೆ ಎದುರಾಳಿಗಳು ಎರಗದಂತೆ ಕೆಲವು ಸೆಕೆಂಡ್ ತಡೆಯುವುದು ಅವರ ಮುಖ್ಯ ಕೆಲಸ. ಗೋಲು ಹೊಡೆದವರ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ತಡೆದವರ ಹೆಸರು ಬರುವುದು ಅವರು ತಪ್ಪಿದಾಗ ಮಾತ್ರ!

ಸಂಶೋಧನೆಗೆಂದು ಆ ದೇಶದಲ್ಲಿದ್ದ ಎರಡು ವರ್ಷಗಳಲ್ಲಿ ನಾನು ಈ ಆಟ ನೋಡುವುದನ್ನು ಕಲಿತೆ. ಆಟಕ್ಕಿಂತ ಹೆಚ್ಚಾಗಿ ನನ್ನನ್ನು ಸೆಳೆದದ್ದು ಆಟಗಾರರನ್ನು ಅಳೆಯುವ ಅವರ ಪದ್ಧತಿ. ಎನ್‌ಎಫ್‌ಎಲ್ ಎಂಬ ವೃತ್ತಿಪರ ಸಂಸ್ಥೆಯ 32 ತಂಡಗಳು ಪ್ರತಿ ವರ್ಷ ಏಪ್ರಿಲ್ ವೇಳೆಗೆ ಕಾಲೇಜು ಆಟಗಾರರನ್ನು ಏಳು ಸುತ್ತುಗಳಲ್ಲಿ ಸರದಿಯಂತೆ ಆರಿಸಿಕೊಳ್ಳುತ್ತವೆ. ಇದಕ್ಕೆ ಡ್ರಾಫ್ಟ್ ಎಂದು ಹೆಸರು. ಮೊದಲ ಸುತ್ತಿನಲ್ಲಿ ಆಯ್ಕೆಯಾದವನಿಗೆ ಕೋಟ್ಯಂತರ ರೂಪಾಯಿಯ ಒಪ್ಪಂದ. ಕೊನೆಯ ಸುತ್ತಿನವನಿಗೆ ಅದರ ಸಣ್ಣ ಪಾಲು. ಆರಿಸಲ್ಪಡದವನು ಒಂದು ಅವಕಾಶಕ್ಕಾಗಿ ಬಾಗಿಲು ತಟ್ಟಬೇಕು. ಅಂದರೆ ಇಪ್ಪತ್ತೊಂದು, ಇಪ್ಪತ್ತೆರಡು ವಯಸ್ಸಿನ ಹುಡುಗನ ಬದುಕು ಈ ಅಳತೆಗಳ ಮೇಲೆ ಬಹುಮಟ್ಟಿಗೆ ನಿಂತಿರುತ್ತದೆ. ಈ ಅಳತೆಗಳು ಏನನ್ನು ಹೇಳುತ್ತವೆ, ಏನನ್ನು ಹೇಳುವುದಿಲ್ಲ? ಭೌತವಿಜ್ಞಾನದ ಮೇಷ್ಟ್ರ ಕಣ್ಣಿನಿಂದ ಇದನ್ನು ವಿಮರ್ಶಿಸುವುದು ಈ ಲೇಖನದ ಉದ್ದೇಶ.

ಪರೀಕ್ಷೆಗಳು ಯಾವುವು?

ಡ್ರಾಫ್ಟ್‌ಗೆ ಮೊದಲು ‘ಕಂಬೈನ್’ ಎಂಬ ಪರೀಕ್ಷಾ ಶಿಬಿರ ನಡೆಯುತ್ತದೆ. 1987ರಿಂದ ಇದರ ನೆಲೆ ಇಂಡಿಯಾನಾಪೊಲಿಸ್ ನಗರ. ಅಲ್ಲಿ ಆಟಗಾರನ ಎತ್ತರ, ತೂಕ, ತೋಳಿನ ಉದ್ದ, ಅಂಗೈ ಅಗಲ ಅಳೆಯುತ್ತಾರೆ. 40 ಗಜ, ಅಂದರೆ 36.6 ಮೀಟರ್ ಓಡಿಸುತ್ತಾರೆ. ಮಲಗಿಸಿ 225 ಪೌಂಡ್, ಅಂದರೆ 102 ಕಿಲೋಗ್ರಾಂ ಭಾರವನ್ನು ಎಷ್ಟು ಬಾರಿ ಎದೆಯಿಂದ ಮೇಲೆತ್ತಬಲ್ಲ ಎಂದು ಎಣಿಸುತ್ತಾರೆ. ಇದು ಬೆಂಚ್ ಪ್ರೆಸ್. ನಿಂತಲ್ಲಿಂದ ಮೇಲಕ್ಕೆ ಮತ್ತು ಮುಂದಕ್ಕೆ ಜಿಗಿಸುತ್ತಾರೆ. ಎಲ್ಲವೂ ಅಂಕಿಗಳು, ಎಲ್ಲವೂ ದಾಖಲೆ. ವಿಜ್ಞಾನದ ವಿದ್ಯಾರ್ಥಿಗೆ ಇದು ಮೆಚ್ಚುಗೆಯಾಗಬೇಕಾದ ವ್ಯವಸ್ಥೆಯೇ. ಆದರೆ ಅಂಕಿ ಸಿಕ್ಕಿತೆಂದ ಮಾತ್ರಕ್ಕೆ ಉತ್ತರ ಸಿಕ್ಕಿತೆಂದು ಅರ್ಥವಲ್ಲ.

ಲೈನ್‌ಮನ್‌ನ ಕೆಲಸದ ಭೌತವಿಜ್ಞಾನ

ಮೊದಲು ಕೆಲಸವನ್ನು ನೋಡೋಣ. 120 ಕಿಲೋಗ್ರಾಂ ತೂಕದ ಎದುರಾಳಿ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ನುಗ್ಗುತ್ತಾನೆ ಎನ್ನಿ. ಅವನ ಸಂವೇಗ 600 ಕಿಗ್ರಾಂ ಮೀ/ಸೆ. ಅವನನ್ನು ಅರ್ಧ ಸೆಕೆಂಡಿನಲ್ಲಿ ನಿಲ್ಲಿಸಲು ಬೇಕಾದ ಸರಾಸರಿ ಬಲ 1200 ನ್ಯೂಟನ್. ನ್ಯೂಟನ್ನರ ಮೂರನೆಯ ನಿಯಮದಂತೆ ಲೈನ್‌ಮನ್‌ನ ಮೇಲೂ ಅಷ್ಟೇ ಬಲ ಬೀಳುತ್ತದೆ. ಈ ಬಲ ಅವನ ಎದೆಗೆ, ನೆಲದಿಂದ 1.2 ಮೀಟರ್ ಎತ್ತರದಲ್ಲಿ ತಾಗಿದರೆ ಅವನನ್ನು ಹಿಂದಿನ ಪಾದದ ಮೇಲೆ ಉರುಳಿಸಲು ಯತ್ನಿಸುವ ಬಲಭ್ರಾಮಕ 1440 ನ್ಯೂಟನ್ ಮೀಟರ್. ಇದನ್ನು ಎದುರಿಸುವುದು ಅವನ ಸ್ವಂತ ತೂಕ. 141 ಕಿಲೋಗ್ರಾಂ ಆಟಗಾರನ ತೂಕ ಸುಮಾರು 1380 ನ್ಯೂಟನ್. ಹಾಗಾದರೆ ಅವನ ಗುರುತ್ವ ಕೇಂದ್ರದಿಂದ ಹಿಂದಿನ ಪಾದ ಒಂದು ಮೀಟರಿಗಿಂತ ಹೆಚ್ಚು ದೂರದಲ್ಲಿರಬೇಕು. ಅದು ಬಹಳ ಕಷ್ಟದ ಭಂಗಿ. ಅದೇ ಆಟಗಾರ ಮೊಣಕಾಲು ಬಗ್ಗಿಸಿ, ಬಲ 0.9 ಮೀಟರ್ ಎತ್ತರದಲ್ಲಿ ತಾಗುವಂತೆ ನೋಡಿಕೊಂಡರೆ 78 ಸೆಂಟಿಮೀಟರ್ ಸಾಕು. ತಗ್ಗಿ ನಿಂತವನು ಗೆಲ್ಲುತ್ತಾನೆ ಎಂದು ಅಲ್ಲಿನ ತರಬೇತುದಾರರು ಹೇಳುವುದರ ಹಿಂದಿರುವುದು ಇಷ್ಟೇ ಲೆಕ್ಕ.

ಇನ್ನು ಓಟದ ಪರೀಕ್ಷೆಯನ್ನು ಇದರ ಪಕ್ಕದಲ್ಲಿಡಿ. 2013ರಲ್ಲಿ ಟೆರಾನ್ ಆರ್ಮ್‌ಸ್ಟೆಡ್ ಎಂಬ ಆಟಗಾರ ಸುಮಾರು 139 ಕಿಲೋಗ್ರಾಂ ದೇಹವನ್ನು ಹೊತ್ತು 40 ಗಜವನ್ನು 4.71 ಸೆಕೆಂಡಿನಲ್ಲಿ ಓಡಿದರು. ಸರಾಸರಿ ವೇಗ ಸೆಕೆಂಡಿಗೆ 7.8 ಮೀಟರ್. ನಿಜಕ್ಕೂ ಅಚ್ಚರಿಯ ಸಾಧನೆ! ಆದರೆ ಲೈನ್‌ಮನ್ ಪಂದ್ಯದಲ್ಲಿ 36 ಮೀಟರ್ ನೇರವಾಗಿ ಓಡುವ ಸಂದರ್ಭ ಎಷ್ಟು ಬಾರಿ ಬರುತ್ತದೆ? ಅವನು ಹೆಚ್ಚಾಗಿ ಚಲಿಸುವುದು ಎರಡು, ಮೂರು ಮೀಟರ್. ಅದೂ ಹಿಂದಕ್ಕೆ ಮತ್ತು ಅಡ್ಡಕ್ಕೆ. ಓಟದ ಮೊದಲ 10 ಗಜಗಳ ಸಮಯಕ್ಕೆ ಇಲ್ಲಿ ಸ್ವಲ್ಪ ಬೆಲೆಯಿದೆ. ಉಳಿದ 30 ಗಜ ಅಷ್ಟು ಪ್ರಸ್ತುತವಲ್ಲ.

ಬೆಂಚ್ ಪ್ರೆಸ್‌ನ ಕಥೆ ಇನ್ನೂ ಸ್ವಾರಸ್ಯಕರ. 102 ಕಿಲೋಗ್ರಾಂ ಭಾರ ಎತ್ತಲು ಬೇಕಾದ ಬಲ ಸುಮಾರು 1000 ನ್ಯೂಟನ್. ಗಿಡ್ಡ ತೋಳಿನವನು ಪ್ರತಿ ಬಾರಿ 45 ಸೆಂಟಿಮೀಟರ್ ಎತ್ತಿದರೆ ಮಾಡುವ ಕೆಲಸ 450 ಜೂಲ್. ಉದ್ದ ತೋಳಿನವನು 55 ಸೆಂಟಿಮೀಟರ್ ಎತ್ತಬೇಕು, ಅಂದರೆ 550 ಜೂಲ್. ಮೊದಲನೆಯವನು 22 ಬಾರಿ, ಎರಡನೆಯವನು 18 ಬಾರಿ ಎತ್ತಿದರೆ ಇಬ್ಬರ ಒಟ್ಟು ಕೆಲಸವೂ 9900 ಜೂಲ್! ಪಟ್ಟಿಯಲ್ಲಿ ಮಾತ್ರ ಒಬ್ಬ ಬಲಶಾಲಿ, ಇನ್ನೊಬ್ಬ ಸಾಧಾರಣ. ಸೋಜಿಗವೆಂದರೆ, ಆಯ್ಕೆಗಾರರು ಉದ್ದ ತೋಳನ್ನೂ ಬಯಸುತ್ತಾರೆ, ಎತ್ತಿದ ಎಣಿಕೆಯನ್ನೂ ಬಯಸುತ್ತಾರೆ. ಒಂದು ಕೈಯಿಂದ ಕೊಟ್ಟ ಅಂಕವನ್ನು ಇನ್ನೊಂದು ಕೈಯಿಂದ ಕಿತ್ತುಕೊಂಡಂತೆ. ಇದಲ್ಲದೆ ಇಪ್ಪತ್ತು, ಇಪ್ಪತ್ತೈದು ಬಾರಿ ಎತ್ತುವುದು ಸ್ನಾಯುವಿನ ತಾಳಿಕೆಯ ಪರೀಕ್ಷೆ. ಆಟದಲ್ಲಿ ಬೇಕಾದುದು ಕ್ಷಣಾರ್ಧದ ಸಾಮರ್ಥ್ಯ. ಕೆಲಸಕ್ಕೂ ಸಾಮರ್ಥ್ಯಕ್ಕೂ ಇರುವ ವ್ಯತ್ಯಾಸವನ್ನು ನಾವು ತರಗತಿಯಲ್ಲಿ ಒತ್ತಿ ಹೇಳುವುದು ಇದಕ್ಕಾಗಿಯೇ.

ಮುಕ್ಕಾಲು ಬೆರಳಿನ ಪ್ರಶ್ನೆ

ಅಂಚಿನಲ್ಲಿ ನಿಲ್ಲುವ ಲೈನ್‌ಮನ್‌ಗೆ ಟ್ಯಾಕಲ್ ಎನ್ನುತ್ತಾರೆ. ಅವನ ತೋಳು 33 ಅಂಗುಲಕ್ಕೆ ಕಡಿಮೆ ಇರಬಾರದು ಎಂಬುದು ಆಯ್ಕೆಗಾರರಲ್ಲಿ ಬೇರೂರಿದ ನಂಬಿಕೆ. 2025ರಲ್ಲಿ ವಿಲ್ ಕ್ಯಾಂಪ್‌ಬೆಲ್ ಎಂಬ ಆಟಗಾರನ ತೋಳು ಕಂಬೈನ್‌ನಲ್ಲಿ 32 5/8 ಅಂಗುಲ ಬಂತು. ಕೆಲವು ವಾರಗಳ ನಂತರ ಅವರ ಕಾಲೇಜಿನಲ್ಲಿ ಅಳೆದಾಗ 33 ಅಂಗುಲ! ತೋಳು ಬೆಳೆದಿರಲಿಲ್ಲ. ಬೆಳೆದದ್ದು ಅಳತೆ. ಭುಜದ ಮೂಳೆಯ ತುದಿಯನ್ನು ಎಲ್ಲಿ ಗುರುತಿಸಿದರು, ಬೆರಳನ್ನು ಎಷ್ಟು ಚಾಚಿದರು ಎಂಬುದರ ಮೇಲೆ ಫಲಿತಾಂಶ ಬದಲಾಗುವುದು ಸಹಜ. ವ್ಯತ್ಯಾಸ 9.5 ಮಿಲಿಮೀಟರ್. ಅಳತೆಯ ಅನಿಶ್ಚಿತತೆಯೇ ಇಷ್ಟಿರುವಾಗ ಅದಕ್ಕಿಂತ ಸೂಕ್ಷ್ಮವಾದ ಗೆರೆ ಎಳೆದು ‘ಈಚೆಯವನು ಯೋಗ್ಯ, ಆಚೆಯವನು ಅಯೋಗ್ಯ’ ಎನ್ನಬಹುದೇ? ನಮ್ಮ ಪ್ರಯೋಗಾಲಯದಲ್ಲಿ ವಿದ್ಯಾರ್ಥಿ ಹೀಗೆ ಬರೆದರೆ ಕೆಂಪು ಶಾಯಿ ಬೀಳುತ್ತದೆ. ಅವರ ವಿಷಯದಲ್ಲಿ ಒಂದು ತಂಡ ಗೆರೆಗೆ ಅಂಜಲಿಲ್ಲ. ನ್ಯೂ ಇಂಗ್ಲೆಂಡ್ ತಂಡ ಅವರನ್ನು ನಾಲ್ಕನೆಯವರಾಗಿ ಆರಿಸಿತು. ಹಾಗೆ ನೋಡಿದರೆ ಕ್ಲೀವ್‌ಲ್ಯಾಂಡ್‌ನ ಜೋ ಥಾಮಸ್ ತೋಳು ಸುಮಾರು 32.5 ಅಂಗುಲ. ಅವರು 2007ರಿಂದ 2017ರವರೆಗೆ ಒಂದನ್ನೂ ತಪ್ಪಿಸದೆ ಸತತ 10,363 ಬಾರಿ ಕಣಕ್ಕಿಳಿದರು, 2023ರಲ್ಲಿ ಕೀರ್ತಿಭವನಕ್ಕೆ ಸೇರಿದರು.

ತೋಳಿನ ಉದ್ದಕ್ಕೆ ಬೆಲೆಯೇ ಇಲ್ಲವೆಂದಲ್ಲ. ಎದುರಾಳಿಯನ್ನು ಎದೆಯಿಂದ ದೂರ ಇಡಲು ಅದು ನೆರವಾಗುತ್ತದೆ. ಆದರೆ ಎಷ್ಟು? ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಬರುವವನನ್ನು ಒಂದು ಅಂಗುಲ ಉದ್ದದ ತೋಳು ಕೇವಲ 5 ಮಿಲಿಸೆಕೆಂಡ್ ಮೊದಲು ಮುಟ್ಟುತ್ತದೆ. ಮನುಷ್ಯನ ಕಣ್ಣು ಕಂಡು ಕೈ ಚಲಿಸಲು ಸುಮಾರು 200 ಮಿಲಿಸೆಕೆಂಡ್ ಬೇಕು. ಎದುರಾಳಿಯ ಹೆಜ್ಜೆ, ಸೊಂಟದ ತಿರುವು ನೋಡಿ ಅವನ ಉದ್ದೇಶವನ್ನು 30 ಮಿಲಿಸೆಕೆಂಡ್ ಮೊದಲೇ ಊಹಿಸಬಲ್ಲ ಆಟಗಾರನಿಗೆ ಸಿಗುವ ಲಾಭ 15 ಸೆಂಟಿಮೀಟರ್, ಅಂದರೆ ಸುಮಾರು ಆರು ಅಂಗುಲ! ತೋಳನ್ನು ಅಳೆಯಲು ಟೇಪು ಇದೆ. ಈ ಊಹೆಯನ್ನು ಅಳೆಯಲು ಟೇಪು ಇಲ್ಲ. ಸುಲಭವಾಗಿ ಅಳೆಯಬಹುದಾದುದು ಮುಖ್ಯವಾಗಿಬಿಡುವುದು, ಮುಖ್ಯವಾದುದು ಅಳತೆಗೆ ಸಿಗದೆ ಹಿಂದೆ ಸರಿಯುವುದು – ಇದೇ ಈ ಪದ್ಧತಿಯ ದೊಡ್ಡ ದೋಷವೆಂದು ನನ್ನ ಅಭಿಪ್ರಾಯ.

ಎರಡು ಉದಾಹರಣೆಗಳು

1989ರಲ್ಲಿ ಟೋನಿ ಮ್ಯಾಂಡರಿಚ್ ಎಂಬ ದೈತ್ಯ 40 ಗಜವನ್ನು 4.65 ಸೆಕೆಂಡಿನಲ್ಲಿ ಓಡಿ, ಭಾರವನ್ನು 39 ಬಾರಿ ಎತ್ತಿದರೆಂದು ದಾಖಲಾಯಿತು. ಗ್ರೀನ್ ಬೇ ತಂಡ ಅವರನ್ನು ಎರಡನೆಯವರಾಗಿ ಆರಿಸಿತು. ಆ ವರ್ಷದ ಮೊದಲ ಐವರಲ್ಲಿ ಉಳಿದ ನಾಲ್ವರೂ ಮುಂದೆ ಕೀರ್ತಿಭವನ ಸೇರಿದರು. ಮ್ಯಾಂಡರಿಚ್ ಅವರನ್ನು ತಂಡ ಕೆಲವೇ ವರ್ಷಗಳಲ್ಲಿ ಕೈಬಿಟ್ಟಿತು. ಕಾಲೇಜಿನಲ್ಲಿದ್ದಾಗ ಸ್ಟೆರಾಯ್ಡ್ ಬಳಸಿದ್ದಾಗಿ 2008ರಲ್ಲಿ ಅವರೇ ಒಪ್ಪಿಕೊಂಡರು. ಅಂಕಿಗೇ ಬೆಲೆ ಎಂದಾದಾಗ ಅಂಕಿಯನ್ನು ಉಬ್ಬಿಸುವ ದಾರಿಗಳೂ ಹುಟ್ಟುತ್ತವೆ.

ಇದಕ್ಕೆ ತದ್ವಿರುದ್ಧ 2018ರ ಆರ್ಲ್ಯಾಂಡೊ ಬ್ರೌನ್ ಜೂನಿಯರ್. ಓಟ 5.85 ಸೆಕೆಂಡ್, ಭಾರ ಎತ್ತಿದ್ದು 14 ಬಾರಿ. ಕಂಬೈನ್‌ನಲ್ಲಿ ನಗೆಪಾಟಲಾದ ಅವರು ಮೂರನೆಯ ಸುತ್ತಿಗೆ, 83ನೆಯ ಸ್ಥಾನಕ್ಕೆ ಜಾರಿದರು. ಆಮೇಲೆ 2019ರಿಂದ 2022ರವರೆಗೆ ಸತತ ನಾಲ್ಕು ಋತುಗಳಲ್ಲಿ ಶ್ರೇಷ್ಠ ಆಟಗಾರರ ‘ಪ್ರೊ ಬೌಲ್’ ಗೌರವ ಪಡೆದರು! ಕಾಲೇಜಿನಲ್ಲಿ ಅವರು ಆಡಿದ ಪಂದ್ಯಗಳ ಚಿತ್ರಗಳು ಎಲ್ಲ ತಂಡಗಳ ಬಳಿಯೂ ಇದ್ದವು. ಆದರೂ ಕೆಲವು ಸೆಕೆಂಡುಗಳ ಓಟ ಆ ವರ್ಷಗಳ ಆಟವನ್ನು ಮರೆಸಿತು.

ಹಾಗಾದರೆ ಪರೀಕ್ಷೆ ವ್ಯರ್ಥವೇ?

ಇಲ್ಲಿ ಎಚ್ಚರ ಬೇಕು. ಎರಡು ಉದಾಹರಣೆಗಳಿಂದ ನಿಯಮ ಸಿದ್ಧವಾಗುವುದಿಲ್ಲ. ಇನ್ನೊಂದು ಸೂಕ್ಷ್ಮವೂ ಇದೆ. ಕಂಬೈನ್‌ಗೆ ಬರುವವರು ಆಗಲೇ ಜರಡಿ ಹಿಡಿದು ಉಳಿದವರು. ಎಲ್ಲರೂ ದೈತ್ಯರು, ಎಲ್ಲರೂ ಬಲಶಾಲಿಗಳು. ಅವರೊಳಗೆ ಬಲಕ್ಕೂ ಯಶಸ್ಸಿಗೂ ಸಂಬಂಧ ಕ್ಷೀಣವಾಗಿ ಕಂಡರೆ ಬಲ ಅನಗತ್ಯ ಎಂದರ್ಥವಲ್ಲ. ಜರಡಿಯಲ್ಲಿ ಉಳಿದ ಅಕ್ಕಿಯ ಕಾಳುಗಳ ಗಾತ್ರದಲ್ಲಿ ಹೆಚ್ಚು ವ್ಯತ್ಯಾಸವಿಲ್ಲದ ಕಾರಣ ಗಾತ್ರದ ಪ್ರಭಾವ ಕಾಣದು, ಅಷ್ಟೆ. ವ್ಯಾಪ್ತಿ ಕಿರಿದಾದಾಗ ಸಹಸಂಬಂಧ ಕುಗ್ಗುತ್ತದೆ ಎಂಬ ಸಂಖ್ಯಾಶಾಸ್ತ್ರದ ಪಾಠ ಇದು. ಆದ್ದರಿಂದ ಈ ಪರೀಕ್ಷೆಗಳು ಅನರ್ಹರನ್ನು ಹೊರಗಿಡಲು ಉಪಯುಕ್ತ. ಅರ್ಹರಲ್ಲಿ ಮೊದಲಿಗ ಯಾರು, ಎರಡನೆಯವ ಯಾರು ಎಂದು ಹೇಳಲು ದುರ್ಬಲ.

ಆಟ ನೋಡಿ ಬೆಲೆ ಕಟ್ಟುವುದೂ ಸುಲಭವಲ್ಲ. ಐವರು ಒಟ್ಟಾಗಿ ದುಡಿಯುವಾಗ ಒಬ್ಬನ ತಪ್ಪನ್ನು ಪಕ್ಕದವನು ಮುಚ್ಚಬಹುದು. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಬೇಗ ಎಸೆದರೆ ಲೈನ್‌ಮನ್ ಒಳ್ಳೆಯವನಾಗಿ ಕಾಣುತ್ತಾನೆ, ತಡಮಾಡಿದರೆ ಕೆಟ್ಟವನಾಗಿ. ಸಂಶೋಧಕರಾದ ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಲ್ಲ ಬಗೆಯ ಆಟಗಾರರನ್ನೂ ಪರಿಶೀಲಿಸಿದ್ದಾರೆ. ಒಂದು ಸ್ಥಾನಕ್ಕೆ ಆಯ್ಕೆಯಾದ ಆಟಗಾರ, ಅದೇ ಸ್ಥಾನಕ್ಕೆ ಅವನ ನಂತರ ಆಯ್ಕೆಯಾದವನಿಗಿಂತ ಉತ್ತಮನಾಗುವ ಸಂಭವನೀಯತೆ ಸುಮಾರು 52 ಶೇಕಡಾ. ನಾಣ್ಯ ಚಿಮ್ಮಿದರೆ 50! ಥೇಲರ್ ಅವರಿಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದದ್ದು ನಿಮಗೆ ನೆನಪಿರಬಹುದು. ಅವರ ವಿಮರ್ಶೆ ಅಳತೆಯ ಮೇಲಲ್ಲ, ಅಳೆಯುವವರ ಅತಿಯಾದ ಆತ್ಮವಿಶ್ವಾಸದ ಮೇಲೆ.

ಆ ನಮ್ರತೆಗೆ ಫಲವೂ ಉಂಟು. ಫಿಲಡೆಲ್ಫಿಯಾ ತಂಡ 2018ರ ಕೊನೆಯ ಸುತ್ತಿನಲ್ಲಿ 233ನೆಯವನಾಗಿ ಆರಿಸಿದ ಜೋರ್ಡನ್ ಮೈಲಾಟಾ ಆಸ್ಟ್ರೇಲಿಯಾದ ರಗ್ಬಿ ಆಟಗಾರ. ಅಮೆರಿಕದ ಫುಟ್‌ಬಾಲನ್ನು ಅವರು ಒಂದು ಪಂದ್ಯವೂ ಆಡಿರಲಿಲ್ಲ. ದೇಹ ಇತ್ತು, ಕೌಶಲವನ್ನು ತಂಡ ತಾಳ್ಮೆಯಿಂದ ಕಲಿಸಿತು. 2025ರ ಫೆಬ್ರವರಿಯಲ್ಲಿ ಆ ತಂಡ ಚಾಂಪಿಯನ್ ಆದಾಗ ಅವರು ಎಡ ಟ್ಯಾಕಲ್. ಇಲ್ಲಿ ಅಳತೆ ತೀರ್ಪಾಗಲಿಲ್ಲ, ಕಲಿಕೆಯ ಆರಂಭವಾಯಿತು.

ಶಿಕ್ಷಕ ಮಿತ್ರರೇ, ಇದನ್ನು ತರಗತಿಯಲ್ಲಿ ಮಾಡಿ ನೋಡಬಹುದು. ಒಬ್ಬ ವಿದ್ಯಾರ್ಥಿಯ ತೋಳನ್ನು ಭುಜದಿಂದ ನಡುಬೆರಳಿನ ತುದಿಯವರೆಗೆ ಐವರು ಬೇರೆ ಬೇರೆಯಾಗಿ, ಒಬ್ಬರ ಉತ್ತರ ಇನ್ನೊಬ್ಬರಿಗೆ ತಿಳಿಯದಂತೆ ಅಳೆಯಲಿ. ಐದು ಉತ್ತರಗಳನ್ನೂ ಕಪ್ಪುಹಲಗೆಯ ಮೇಲೆ ಬರೆದು, ಅತಿ ಹೆಚ್ಚಿನದಕ್ಕೂ ಅತಿ ಕಡಿಮೆಯದಕ್ಕೂ ಇರುವ ಅಂತರ ಕಂಡುಹಿಡಿಯಿರಿ. ಆಮೇಲೆ ಆ ಸಂಖ್ಯೆಗಳ ನಡುವೆ ಒಂದು ಗೆರೆ ಎಳೆದು, ತೋಳಿನ ಒಡೆಯನನ್ನೇ ಕೇಳಿ: ‘ನೀನು ಗೆರೆಯ ಯಾವ ಕಡೆಯವನು?’ ಮುಂದಿನ ಸಲ ಅರ್ಧ ಅಂಕದಿಂದ ಒಬ್ಬ ವಿದ್ಯಾರ್ಥಿಯನ್ನು ಹಿಂದಿನ ಬೆಂಚಿಗೆ ಕಳುಹಿಸುವ ಮೊದಲು ಅವನು ಕೊಡುವ ಉತ್ತರವನ್ನು ನೆನಪಿಸಿಕೊಳ್ಳಿ.