ಆ ಐದು ಅಕ್ಷರಗಳು

ದೀರ್ಘಕಾಲ ಭಕ್ತಿಯಿಂದ ಓದಿದ ಪತ್ರಿಕೆಯಲ್ಲಿ ತನ್ನ ಬರಹವೇ ಅಚ್ಚಾಗಿ ಬಂದಾಗ ಮನುಷ್ಯನು ಮೊದಲು ಅರಸುವುದು ತನ್ನ ಹೆಸರನ್ನು ಎಂದು ನಾನು ನಂಬಿದ್ದೆನು. ಆದರೆ ಯಾದಗಿರಿಯ ರೈಲುನಿಲ್ದಾಣದ ಬಳಿ ನನ್ನ ಲೇಖನವಿದ್ದ ‘ಕಸ್ತೂರಿ’ಯ ಸಂಚಿಕೆಯನ್ನು ಕೊಂಡು, ಶಹಾಪುರದ ಬಸ್ಸಿನಲ್ಲಿ ಕುಳಿತು ಪುಟ ತೆರೆದಾಗ ನನ್ನ ದೃಷ್ಟಿ ನೆಟ್ಟದ್ದು ‘ವಿಭೂತಿಹಳ್ಳಿ’ ಎಂಬ ಐದು ಅಕ್ಷರಗಳ ಮೇಲೆ.

ಶಹಾಪುರದ ಸಮೀಪದ ಆ ಗ್ರಾಮದ ಬಯಲಿನಲ್ಲಿ, ಉಳಿಯ ಸ್ಪರ್ಶವನ್ನೇ ಅರಿಯದ ಗುಂಡುಕಲ್ಲುಗಳನ್ನು ಬೃಹತ್ ಶಿಲಾಯುಗದ ಜನರು ಸಾಲುಸಾಲಾಗಿ ಇರಿಸಿಹೋಗಿದ್ದಾರೆ. 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಂಡ ಮೆಡೋಸ್ ಟೇಲರನು ಈ ಸಾಲುಗಳನ್ನೂ, ನಮ್ಮವರು ಮೋರೇರ ಮನೆಗಳೆಂದು ಕರೆಯುವ ರಾಜನಕೋಳೂರಿನ ಕಲ್ಮನೆಗಳನ್ನೂ ಪರೀಕ್ಷಿಸಿ, ಅಳೆದು, ಚಿತ್ರಿಸಿ, ರಾಯಲ್ ಏಷಿಯಾಟಿಕ್ ಸೊಸೈಟಿಯ ಮುಂಬಯಿ ಶಾಖೆಯ ನಿಯತಕಾಲಿಕದಲ್ಲಿ 1853ರಲ್ಲಿ ಪ್ರಕಟಿಸಿದನು. 1839ರಲ್ಲಿಯೇ ಠಕ್ಕರನ್ನು ಕುರಿತ ಕಾದಂಬರಿಯಿಂದ ಇಂಗ್ಲೆಂಡಿನಲ್ಲಿ ಪ್ರಖ್ಯಾತನಾಗಿದ್ದ ಆತನಿಗೆ ಕಥೆಯ ಬಣ್ಣ ಬಳಿಯುವುದೇನು ಕಷ್ಟವಾಗಿತ್ತೆ! ಇವು ಶಕ ಮತ್ತು ಡ್ರೂಯಿಡರ ಅವಶೇಷಗಳೆಂಬ ಅವನ ಊಹೆಯನ್ನು ವಿದ್ವಾಂಸರು ಎಂದೋ ಕೈಬಿಟ್ಟರು. ಆದರೆ ಅವನ ಅಳತೆ, ಅವನ ಚಿತ್ರ ಇಂದಿಗೂ ಬೆಲೆಯುಳ್ಳವು.

ನನ್ನ ಆರಾಧ್ಯ ಪತ್ರಿಕೆಯಾದರೋ ನಾಡು ಒಂದುಗೂಡಿದ 1956ರಲ್ಲಿಯೇ ಹುಬ್ಬಳ್ಳಿಯಲ್ಲಿ ಹುಟ್ಟಿದುದು. ನಿಜಾಮನ ಕಾಲದಲ್ಲಿ ಉರ್ದು ಮಾಧ್ಯಮದಲ್ಲಿ ಕಲಿತ ನನ್ನ ತಂದೆಯವರು ರಾತ್ರಿ ಕಂದೀಲಿನ ಮುಂದೆ ಕುಳಿತು, ಅದರಲ್ಲಿ ಬರುತ್ತಿದ್ದ ಪಾ.ವೆಂ. ಆಚಾರ್ಯರ ‘ಪದಾರ್ಥ ಚಿಂತಾಮಣಿ’ ಅಂಕಣವನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದುತ್ತಲಿದ್ದರು. ಒಂದೊಂದು ಶಬ್ದವೂ ಎಲ್ಲಿಂದ ಹೊರಟು ಎಲ್ಲಿಗೆ ಬಂದಿತೆಂದು ವಿಚಾರಿಸುವ ಆ ಪುಟಗಳೇ ನನಗೆ ವ್ಯಾಕರಣವೂ ಅಲಂಕಾರಶಾಸ್ತ್ರವೂ ಆದವು. ಆ ಕಾರಣದಿಂದಲೇ ನನ್ನ ಲೇಖನವನ್ನು ಅಂಚೆಗೆ ಹಾಕುವ ಮುನ್ನ ‘ರಮಣೀಯ’, ‘ಅದ್ಭುತ’, ‘ವರ್ಣನಾತೀತ’ ಎಂಬ ಮೂರು ಶಬ್ದಗಳನ್ನು ಹೊಡೆದುಹಾಕಿ, ಮತ್ತೆ ಬಿಸಿಲಿನಲ್ಲಿ ವಿಭೂತಿಹಳ್ಳಿಗೆ ಹೋಗಿ, ಕಲ್ಲಿನಿಂದ ಕಲ್ಲಿಗೆ ಹಗ್ಗ ಹಿಡಿದು ಅಳೆದು, ಆ ಅಂಕಿಗಳನ್ನೇ ಅವುಗಳ ಸ್ಥಾನದಲ್ಲಿ ಬರೆದೆನು.

ಪದಗಳ ಪೂರ್ವೋತ್ತರಗಳನ್ನು ನಾನು ಕಲಿತ ಪತ್ರಿಕೆಯಲ್ಲಿಯೇ ಈಗ, ಕುರಿ ಕಾಯುವವರೂ ಹತ್ತಿ ಬಿಡಿಸುವವರೂ ನಿತ್ಯ ನುಡಿಯುವ ಊರಿನ ಹೆಸರು ಕಪ್ಪು ಮಸಿಯಲ್ಲಿ ಮೂಡಿದ್ದಿತು. ಬಸ್ಸು ಶಹಾಪುರವನ್ನು ಸಮೀಪಿಸಿ, ಮಲಗಿದ ಬುದ್ಧನ ಬೆಟ್ಟವು ಕಿಟಕಿಯಲ್ಲಿ ಕಾಣಿಸಿಕೊಂಡಾಗಲೂ ನಾನು ಆ ಒಂದೇ ಸಾಲನ್ನು, ತಂದೆಯವರಂತೆ, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತಲಿದ್ದೆನು.