ಹಿಟ್ಟಿನ ಕೋಳಿಯೂ ಧರ್ಮದ ಮೂಲವೂ

ಈಶ್ವರನಿಲ್ಲವೆಂದಾದರೆ ಪಾಪಪುಣ್ಯಗಳು ಬರಿಯ ಲೋಕರೂಢಿಯಾಗಿ ಉಳಿಯುವವೇ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿರಿಸಿಕೊಂಡು ಜನ್ನಕವಿಯ ‘ಯಶೋಧರಚರಿತೆ’ಯನ್ನು ಓದುವದು ಉಚಿತ. ಹೊಯ್ಸಳ ವೀರಬಲ್ಲಾಳನ ಆಶ್ರಯದಲ್ಲಿದ್ದ ಜನ್ನನು 1209ರಲ್ಲಿ ಇದನ್ನು ರಚಿಸಿದನು. ಅವನ ಜೈನಮತದಲ್ಲಿ ಸೃಷ್ಟಿಕರ್ತನಾದ ಈಶ್ವರನಿಗೆ ಎಡೆಯಿಲ್ಲ. ಆದರೂ ಪಾಪದ ವಿಷಯದಲ್ಲಿ ಇಷ್ಟು ನಿಷ್ಠುರವಾದ ಕಾವ್ಯವು ಕನ್ನಡದಲ್ಲಿ ವಿರಳ.

ಯಶೋಧರನು ಜೀವಬಲಿಗೆ ಒಪ್ಪದೆ, ತಾಯಿಯ ಮಾತನ್ನು ಮೀರಲೂ ಆರದೆ, ಹಿಟ್ಟಿನ ಕೋಳಿಯನ್ನು ಕಡಿದನು. ಅಷ್ಟಕ್ಕೇ ತಾಯಿಮಕ್ಕಳಿಬ್ಬರೂ ತಿರ್ಯಗ್ಜನ್ಮಗಳಲ್ಲಿ ತೊಳಲಬೇಕಾಯಿತು. ಇಲ್ಲಿ ದಂಡಿಸುವ ಪ್ರಭುವಿಲ್ಲ. ಸಂಕಲ್ಪವೇ ಬೀಜ, ಭವವೇ ಬೆಳೆ. ಅಷ್ಟೇ ಅಲ್ಲ, ಬಲಿಯು ಸಲ್ಲುವದು ಚಂಡಮಾರಿ ದೇವತೆಗೆ. ದೈವದ ಇಚ್ಛೆಯೇ ಧರ್ಮವಾಗಿದ್ದರೆ ಮಾರಿದತ್ತನು ಸಿದ್ಧಪಡಿಸಿದ ನರಬಲಿಯೂ ಧರ್ಮವೇ ಆಗಬೇಕಾಗಿತ್ತು. ಕವಿಯು ದೇವತೆಯನ್ನೂ ಧರ್ಮದ ಒರೆಗೆ ಹಚ್ಚಿದ್ದಾನೆ.

ಜಡವಾದ ಕರ್ಮವು ತಾನಾಗಿ ಫಲ ಕೊಡಲಾರದು, ಫಲದಾತನಾದ ಈಶ್ವರನು ಬೇಕೆಂದು ನಮ್ಮ ನೈಯಾಯಿಕರು ಆಕ್ಷೇಪಿಸುವರು. ಇರಲಿ. ಫಲವನ್ನು ಕೊಡುವವನು ಪಾಪವನ್ನು ಪಾಪವಾಗಿಸಿದವನಲ್ಲ. ಈಶ್ವರನು ಜೀವಿಗಳ ಧರ್ಮಾಧರ್ಮಗಳನ್ನು ಅಪೇಕ್ಷಿಸಿಯೇ ಸೃಷ್ಟಿಸುವದರಿಂದ ಅವನಿಗೆ ಪಕ್ಷಪಾತದ ದೋಷವಿಲ್ಲವೆಂದು ಶಂಕರಾಚಾರ್ಯರೇ ಬ್ರಹ್ಮಸೂತ್ರಭಾಷ್ಯದಲ್ಲಿ ಸಮಾಧಾನ ಹೇಳಿದ್ದಾರೆ.

ಹಾಗೆಂದು ನಿರೀಶ್ವರವಾದವೇ ಅಹಿಂಸೆಯನ್ನು ಕಲಿಸೀತೆಂದು ಬಗೆಯಲಾಗದು. ಕುಮಾರಿಲಭಟ್ಟರೂ ಜಗತ್ಕರ್ತನನ್ನು ಒಪ್ಪಲಿಲ್ಲ. ಆದರೂ ವೇದವಿಹಿತವಾದ ಪಶುಯಾಗವನ್ನು ಸಮರ್ಥಿಸಿದರು. ಆದುದರಿಂದ ಈಶ್ವರನ ಅಸ್ತಿತ್ವದ ವಾದವು ತೀರಿದರೂ ಧರ್ಮದ ವಾದವು ತೀರದು.

ಕಾವ್ಯದಲ್ಲಿ ಒಂದು ಕೊರತೆಯುಂಟು. ಜನ್ಮಜನ್ಮಾಂತರಗಳ ದುಃಖಪರಂಪರೆಯಿಂದ ವಾಚಕನಲ್ಲಿ ಭಯವು ಹುಟ್ಟುವದು. ಭಯದಿಂದ ಬಿಟ್ಟ ಹಿಂಸೆಯು ಭಯವು ಹೋದೊಡನೆ ಮರಳೀತು. ಆದರೆ ಕಡಿದಾಗ ಆ ಹಿಟ್ಟಿನ ಕೋಳಿಯು ಕೂಗುವ ಸನ್ನಿವೇಶದಲ್ಲಿ ಜನ್ನನು ಭಯವನ್ನು ದಾಟಿದ್ದಾನೆ. ಆ ಕೂಗಿಗೆ ಯಶೋಧರನು ನಡುಗುವಾಗ ಫಲವಿನ್ನೂ ದೂರದಲ್ಲಿದೆ. ಮಾಡಿದ್ದು ತಪ್ಪೆಂಬ ಅರಿವು ಮಾತ್ರ ಆಗಲೇ ಬಂದಿದೆ.

ನಮ್ಮ ಸೀಮೆಯಲ್ಲಿಯೂ ಇದಕ್ಕೆ ನಿದರ್ಶನವುಂಟು. ಶಿರಸಿಯ ಮಾರಿಕಾಂಬೆಯ ಜಾತ್ರೆಯಲ್ಲಿ ಕೋಣನ ಬಲಿಯು ಗಾಂಧೀಜಿಯವರ ಕಾಲದಲ್ಲಿ ನಿಂತಿತು. ದೇವಿಯ ಪೂಜೆಯು ನಿಲ್ಲಲಿಲ್ಲ. ಭಕ್ತರು ದೇವಿಯನ್ನು ಬಿಡದೆಯೇ ಬಲಿಯನ್ನು ಬಿಟ್ಟರು. ಭಕ್ತಿಯು ಧರ್ಮಕ್ಕೆ ಬಲವನ್ನೀಯಬಹುದು. ಆದರೆ ಆ ಭಕ್ತಿಯನ್ನೂ ತಿದ್ದುವ ಧರ್ಮವೊಂದು ಅದಕ್ಕೆ ಮೊದಲೇ ಇರಬೇಕು. ಜನ್ನನ ಕಾವ್ಯವು ಇದನ್ನು ನೆನಪಿಗೆ ತರುವದರಿಂದಲೇ ಆಸ್ತಿಕರ ಮನೆಗಳಲ್ಲಿಯೂ ಓದತಕ್ಕದ್ದಾಗಿದೆ.